ಮುದ್ದೆಯ ನಡುವಿಗೆ ಸಾರು ತಲುಪುವುದಿಲ್ಲ

ಜೀವಕೋಶವೊಂದು ಏಕೆ ಆನೆಯಷ್ಟು ಬೆಳೆಯುವುದಿಲ್ಲ ಎಂಬ ಪ್ರಶ್ನೆ ನಿಮ್ಮನ್ನು ಎಂದೂ ಕಾಡಿರಲಾರದು. ನನ್ನನ್ನು ಅರುವತ್ತು ವರ್ಷಗಳಿಂದ ಕಾಡುತ್ತಿದೆ. ಉತ್ತರ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಗೊಂದಲ ಹೋಗಿಲ್ಲ, ಅಷ್ಟೆ.

ಐವತ್ತರ ದಶಕದ ಕೊನೆಯ ಮಾತು. ಯಲಹಂಕದಲ್ಲಿ ಬಸ್ಸು ಹಿಡಿದು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಕಾನ್ವೆಂಟಿಗೆ ಹೋಗುತ್ತಿದ್ದೆ. ಬಯಾಲಜಿ ಹೇಳಿಕೊಡುತ್ತಿದ್ದ ಸಿಸ್ಟರ್ ಅಗ್ನೆಸ್ ಒಂದು ದಿನ ಆಲೂಗಡ್ಡೆಯನ್ನು ದಾಳದ ಹಾಗೆ ಎರಡು ಅಳತೆಯಲ್ಲಿ ಕತ್ತರಿಸಿ ಕೆಂಪು ಇಂಕಿಗೆ ಹಾಕಿದರು. ಆಮೇಲೆ ಸೀಳಿದರೆ ಸಣ್ಣದು ಒಳಗೆಲ್ಲ ಕೆಂಪು. ದೊಡ್ಡದಕ್ಕೆ ಅಂಚು ಮಾತ್ರ ಕೆಂಪು, ನಡು ಬಿಳಿಚಿಕೊಂಡಿತ್ತು. “ಸೀ ಗರ್ಲ್ಸ್, ದ ಮಿಡಲ್ ಈಸ್ ಸ್ಟಾರ್ವಿಂಗ್” ಎಂದರು ಸಿಸ್ಟರ್, ನಡು ಹಸಿದು ಕೂತಿದೆ ಎಂದು.

ಕೋಶಕ್ಕೆ ಆಹಾರ ಬರುವುದು ಮೈಮೇಲಿನ ಪೊರೆಯ ಮೂಲಕ. ಅಳತೆ ಎರಡು ಪಟ್ಟಾದರೆ ಪೊರೆ ನಾಲ್ಕು ಪಟ್ಟಾಗುತ್ತದೆ, ಒಳಗಿನ ಹೊಟ್ಟೆ ಎಂಟು ಪಟ್ಟು. ಬಾಗಿಲು ನಾಲ್ಕು, ಉಣ್ಣುವ ಬಾಯಿ ಎಂಟು. ಆದ್ದರಿಂದ ಕೋಶ ಒಂದು ಮಿತಿಯಲ್ಲಿ ನಿಲ್ಲಬೇಕು, ಇಲ್ಲವೇ ಒಡೆದು ಎರಡಾಗಬೇಕು. ಈ ನಾಲ್ಕು, ಎಂಟು ನನ್ನ ತಲೆಯಲ್ಲಿ ಇಂದಿಗೂ ಅದಲುಬದಲಾಗುತ್ತವೆ. ಸಾಲದ್ದಕ್ಕೆ ಕೋಳಿಮೊಟ್ಟೆಯ ಹಳದಿ ಒಂದೇ ಕೋಶವಂತೆ! ಅದು ಮಾತ್ರ ಹೇಗೆ ಅಷ್ಟು ದಪ್ಪ ಎಂದು ಕೇಳಿದ್ದಕ್ಕೆ ಸಿಸ್ಟರ್, “ದಟ್ ಈಸ್ ಓನ್ಲಿ ದ ಪ್ಯಾಂಟ್ರಿ, ಚೈಲ್ಡ್” ಎಂದರು. ಅದೆಲ್ಲ ಬರೀ ಉಗ್ರಾಣ. ಜೀವ ಇರುವುದು ಮೇಲಿನ ಒಂದು ಚುಕ್ಕೆಯಲ್ಲಿ.

ಉಗ್ರಾಣ ನಮ್ಮ ಮನೆಯಲ್ಲೂ ತುಂಬಿತ್ತು. ಇಪ್ಪತ್ತಮೂರು ಜನ, ಒಂದೇ ಒಲೆ. ಅಪ್ಪನ ತಾಯಿ, ನನ್ನ ಅಜ್ಜಿ, ತಮ್ಮ ಕೈಯಿಂದ ಮುದ್ದೆ ಹಾಕದೆ ಯಾರೂ ಉಣ್ಣುವಂತಿರಲಿಲ್ಲ. ಮೊದಲು ಗಂಡಸರು, ಮಕ್ಕಳು, ಆಮೇಲೆ ಮೂವರು ದೊಡ್ಡಮ್ಮಂದಿರು, ಎಲ್ಲರಿಗಿಂತ ಕೊನೆಗೆ ಕಿರಿಸೊಸೆಯಾದ ನನ್ನಮ್ಮ. ಅವಳ ಸರದಿ ಬರುವಷ್ಟರಲ್ಲಿ ಮುದ್ದೆ ತಣ್ಣಗೆ ಕಲ್ಲಾಗಿ, ಸೌಟು ಸಾರಿನ ತಳ ಕೆರೆಯುತ್ತಿತ್ತು. ಆಗ ನನ್ನ ತಮ್ಮನಿಗೆ ಮೂರು ತಿಂಗಳು. ಎದೆಹಾಲು ಸಾಲದೆ ದಿನವಿಡೀ ಅಳುತ್ತಿದ್ದ, ಸೊರಗುತ್ತಿದ್ದ. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಅಮ್ಮನ ತಟ್ಟೆಯನ್ನು ಯಾರೂ ನೋಡಲಿಲ್ಲ. ಆ ಆಲೂಗಡ್ಡೆ ನೋಡುವವರೆಗೆ ನಾನೂ ನೋಡಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ದೊಡ್ಡ ಮುದ್ದೆಯೊಂದನ್ನೂ ಗೋಲಿಯಷ್ಟು ಮುದ್ದೆಯೊಂದನ್ನೂ ಬೀಟ್‌ರೂಟ್ ಸಾರಿನಲ್ಲಿ ಮುಳುಗಿಸಿಟ್ಟೆ. ಮಧ್ಯಾಹ್ನ ದಾರದಿಂದ ಸೀಳಿದರೆ ಎರಡೂ ಒಂದೇ ಕಪ್ಪು. ರಾಗಿಗೆ ಕೆಂಪು ಹತ್ತಿದರೂ ಕಾಣದು ಎಂಬಷ್ಟು ವಿವೇಕವನ್ನು ಕಾನ್ವೆಂಟು ನನಗೆ ಕಲಿಸಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಬಂದು ನಿಂತರು.

“ಉಣ್ಣೋ ಮುದ್ದೇನ ಇಂಗ್ಯಾಕಮ್ಮಿ ಕುಯ್ದಿದ್ದೀಯ?”

“ಎಕ್ಸ್‌ಪೆರಿಮೆಂಟ್ ಅಜ್ಜಿ. ಸಾರು ನಡುವಿನ ತನಕ ಹೋಗಿದೆಯೋ ಇಲ್ವೋ ಅಂತ. ಏನೂ ಕಾಣ್ತಿಲ್ಲ.”

“ಕಣ್ಣಲ್ಲಿ ಸಾರು ನೋಡ್ತಾರೇನೆ? ನಾಲಿಗೆ ಇಲ್ವಾ ನಿಂಗೆ?”

ಅಜ್ಜಿ ಸಣ್ಣದನ್ನು ಬಾಯಿಗೆ ಹಾಕಿಕೊಂಡರು. “ಇದಕ್ಕೆ ಹತ್ತೈತೆ.” ದೊಡ್ಡದರ ನಡುವಿನಿಂದ ಚಿವುಟಿ ರುಚಿ ನೋಡಿದರು. “ಇದು ಬರೀ ಸಪ್ಪೆ.”

ಬಾಗಿಲು, ಬಾಯಿ, ಪೊರೆ, ಹಸಿವು, ಎಲ್ಲವನ್ನೂ ಕಲಸುಮೇಲೋಗರ ಮಾಡಿ ಹೇಳಿದೆ. ಕೊನೆಗೆ, “ನಮ್ಮನೇಲಿ ಸಾರು ತಲುಪದ ನಡು ಅಂದ್ರೆ ಅಮ್ಮ” ಎಂದೂ ಹೇಳಿಬಿಟ್ಟೆ. ಅಜ್ಜಿ ಮೂಲೆಯಲ್ಲಿ ಉಣ್ಣುತ್ತಿದ್ದ ಅಮ್ಮನ ಬಳಿ ಹೋಗಿ, ಅವಳ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟರು. ಸೊಸೆಯ ಎಂಜಲು ತಟ್ಟೆಗೆ ಅತ್ತೆ ಕೈ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಾರದೊಳಗೆ ಹಿತ್ತಿಲ ಜಗಲಿಯಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡು, ಅಮ್ಮನಿಗೆಂದು ಅಜ್ಜಿ ಹಾಕಿಸಿದ ಎರಡನೆಯ ಮಣ್ಣಿನ ಒಲೆ ಎದ್ದಿತು. “ಕಾನ್ವೆಂಟಿಗೆ ಕಳಿಸಿದ್ದಕ್ಕೆ ಮನೆ ಒಡೆಯೋ ಪಾಠ ಕಲ್ತು ಬಂದವ್ಳೆ” ಎಂದು ಹಿರಿಯ ದೊಡ್ಡಮ್ಮ ನನ್ನ ಮುಖಕ್ಕೇ ಹೇಳಿದರು. ಅಮ್ಮ ಬೆದರಿಹೋದಳು. “ನನ್ನ ಬೇರೆ ಹಾಕ್ತಿದ್ದೀರಾ ಅತ್ತೆ? ನಾನೇನ್ ತಪ್ಪು ಮಾಡಿದೆ?”

“ಬಿಸೀದು ಉಣ್ಣು, ಕೂಸು ಹಾಲು ಕುಡೀಲಿ. ಅಷ್ಟೇಯ” ಎಂದರು ಅಜ್ಜಿ.

ಮೊದಲ ದಿನ ಅಪ್ಪನಿಗೂ ನನಗೂ ಬಡಿಸಿ, ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಅಮ್ಮ ತಟ್ಟೆಯ ಮುಂದೆ ಕುಳಿತಳು. ಮುದ್ದೆಯಿಂದ ಹಬೆ ಏಳುತ್ತಿತ್ತು. ಮುಟ್ಟಿದವಳು ಬೆರಳು ಹಿಂದಕ್ಕೆಳೆದುಕೊಂಡಳು. “ಬಿಸಿ ಮುದ್ದೆ ಹೆಂಗ್ ಮುರೀತಾರೆ ಅನ್ನೋದೇ ಮರ್ತೋಗಿದೆ ಕಣೇ” ಎಂದಳು. ನಕ್ಕಳೋ ಅತ್ತಳೋ, ಹಬೆಯಲ್ಲಿ ನನಗೆ ತಿಳಿಯಲಿಲ್ಲ.

ಗೋಡೆಯಾಚೆಯಿಂದ ಅಜ್ಜಿಯ ದನಿ ಬಂತು: “ಬೆರಳು ಸಾರಿಗೆ ಅದ್ದಿ ಮುರಿಯವ್ವ.”

ಅಂದು ನಮ್ಮ ಮನೆ ಒಡೆಯಿತೋ ಬೆಳೆಯಿತೋ ಇಂದಿಗೂ ತೀರ್ಮಾನಿಸಲಾಗಿಲ್ಲ. ತಮ್ಮನಂತೂ ಬೆಳೆದ. ಒಡೆದು ಎರಡಾದ ಕೋಶಗಳ ನಡುವಿನ ಗೋಡೆ ಎಷ್ಟು ದಪ್ಪ ಇರಬೇಕೆಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ. ಅಳತೆ ನನಗೆ ಗೊತ್ತು: ಅತ್ತೆಯ ಮಾತು ಸೊಸೆಗೆ ಕೇಳಿಸುವಷ್ಟು.