ಅಕ್ಕನ ಎದೆಯಲ್ಲಿ ನಿಂತ ನೀರು

ಸಂಜೆ ಕಾಲುಚೀಲ ಬಿಚ್ಚಿದರೆ ಅದರ ಅಚ್ಚು ಕಾಲಿನ ಮೇಲೆ ಹಾಗೇ ಉಳಿಯುತ್ತಿದೆ. ಹೆಬ್ಬೆರಳಿನಲ್ಲಿ ಒತ್ತಿದೆ. ಕುಳಿ ಬಿತ್ತು, ತುಂಬಿಕೊಳ್ಳಲು ಹೊತ್ತು ಹಿಡಿಯಿತು. ವಯಸ್ಸಾಯಿತು, ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ ಎಂದು ನೆಪ ಹುಡುಕಿಕೊಂಡೆ. ನೀವೂ ಹಾಗೇ ಮಾಡುವವರಿರಬಹುದು. ಆದರೆ ನನಗೆ ಅಕ್ಕ ನೆನಪಾದಳು.

ತೊಂಬತ್ತರ ದಶಕದ ಮಾತು. ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಗುಮಾಸ್ತ. ದಿನವಿಡೀ ನೀರಿನ ಸುದ್ದಿಯನ್ನೇ ಬರೆದರೂ ನೀರಿನ ಬಗ್ಗೆ ಏನೂ ತಿಳಿಯದವನು. ಅಕ್ಕನನ್ನು ಬಿಂಡಿಗನವಿಲೆಗೆ ಕೊಟ್ಟಿದ್ದೆವು. ಬಾವ ಕುರಿ ಸಾಕಿದ್ದ, ಮಾತು ಕಮ್ಮಿ. ಒಂದು ಸಲ ಹೋದಾಗ ಅಕ್ಕ ಜಗಲಿಯ ಮೂಲೆಯಲ್ಲಿ ಗೋಡೆಗೊರಗಿದ್ದಳು. ಕಾಲು ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದಳಂತೆ. ಪಕ್ಕದಲ್ಲಿ ಅವಳಿಗೇ ಅಂತ ಬೇರೆ ತಟ್ಟೆ, ಬೇರೆ ಲೋಟ.

ಎದೆಯಲ್ಲಿ ನೀರು ನಿಂತಿದೆ ಎಂದು ನಾಗಮಂಗಲದಲ್ಲಿ ಯಾರೋ ಹೇಳಿದ್ದರು. ಹಾಗಂದರೆ ಟಿ.ಬಿ.ಯೇ ಎಂದು ಮನೆಯವರು ತೀರ್ಮಾನಿಸಿದ್ದರು. ಅವಳ ಅತ್ತೆ ಕೆಟ್ಟವರಲ್ಲ, ಒಬ್ಬ ಮಗನನ್ನು ಅದೇ ಕಾಯಿಲೆಗೆ ಕಳೆದುಕೊಂಡಿದ್ದವರು. ಹೆದರಿ, ಆಗತಾನೇ ನಡೆಯಲು ಕಲಿತಿದ್ದ ಮೊಮ್ಮಗಳನ್ನು ತಾಯಿಯ ಹತ್ತಿರ ಬಿಡುತ್ತಿರಲಿಲ್ಲ. ಮಗು ಹೊಸಿಲಿನಾಚೆ ಅಳುತ್ತಿದ್ದರೆ ಅಕ್ಕ ಗೋಡೆ ಕಡೆ ಮುಖ ತಿರುಗಿಸುತ್ತಿದ್ದಳು.

ಮಾರನೆಯ ದಿನ ನಾನೂ ಬಾವನೂ ಅವಳನ್ನು ಕರೆದುಕೊಂಡು ಹೊರಟೆವು. ಬಸ್ಸು ಬದಲಾಯಿಸುತ್ತಾ, ಪಾಂಡವಪುರದ ನಿಲ್ದಾಣದಲ್ಲಿ ಅವಳ ಉಸಿರು ಹದಕ್ಕೆ ಬರುವವರೆಗೆ ಕೂರಿಸಿಕೊಂಡು, ಶ್ರೀರಂಗಪಟ್ಟಣ ಮುಟ್ಟುವಷ್ಟರಲ್ಲಿ ಮೂವರೂ ಸೋತಿದ್ದೆವು. ಅಲ್ಲಿನ ಡಾಕ್ಟರು ಬೆನ್ನಿನಿಂದ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ತೆಳುಹಳದಿ ಬಣ್ಣದ ತಿಳಿನೀರು.

ವರದಿ ಬಂದಾಗ ಅವರು ಸಮಾಧಾನವಾಗಿ ತಿಳಿಸಿ ಹೇಳಿದರು. ರಕ್ತದಲ್ಲಿರುವ ಪ್ರೋಟೀನು ನೀರನ್ನು ನಾಳದೊಳಗೆ ಹಿಡಿದಿಡುತ್ತದಂತೆ. ಅದು ದಪ್ಪ, ನಾಳದ ಗೋಡೆ ದಾಟಿ ಸುಲಭವಾಗಿ ಆಚೆ ಬರುವುದಿಲ್ಲ. ಗುಂಡಿಗೆ ಸೋತಾಗ ರಕ್ತ ಮುಂದೆ ಸಾಗದೆ ಹಿಂದೆ ಒತ್ತಿಕೊಳ್ಳುತ್ತದೆ, ಆ ಒತ್ತಡಕ್ಕೆ ನೀರಷ್ಟೇ ಒಸರಿ ಕಾಲಿನಲ್ಲಿ, ಎದೆಯಲ್ಲಿ ನಿಲ್ಲುತ್ತದೆ. ಟಿ.ಬಿ. ಆಗಿದ್ದರೆ ಅಲ್ಲಿನ ಪೊರೆಯೇ ಕೆರಳಿ ಪ್ರೋಟೀನೂ ಸೋರುತ್ತಿತ್ತು. ಈ ನೀರಿನಲ್ಲಿ ಅದು ತೀರಾ ಕಮ್ಮಿ. ಇವಳದು ಗುಂಡಿಗೆಯ ಕವಾಟದ ತೊಂದರೆ, ಯಾರಿಗೂ ಅಂಟುವುದಿಲ್ಲ.

ನನಗೆ ಅರ್ಧ ಅರ್ಥವಾಯಿತು. ಅಕ್ಕ ಒಂದೇ ಮಾತು ಕೇಳಿದಳು: “ಅಂಗಾದ್ರೆ ಮಗೀನ ಎತ್ಕೋಬೋದಾ ಸಾ?”

“ಎತ್ಕೊಳಮ್ಮಾ. ಉಪ್ಪು ಕಮ್ಮಿ ಮಾಡು, ಮಾತ್ರೆ ಬಿಡಬೇಡ.”

ಊರಿಗೆ ಬಂದ ಮೇಲೆ ಬಾವ ತಾಯಿಗೆ, “ಟಿ.ಬಿ. ಅಲ್ವಂತೆ ಕಣವ್ವ, ಗುಂಡಿಗೆ ಸೋತೋಗೈತಂತೆ” ಎಂದಷ್ಟೇ ಹೇಳಿ, ಅಕ್ಕನ ತಟ್ಟೆ ತೊಳೆದು ಅದಕ್ಕೇ ಮುದ್ದೆ ಇಕ್ಕಿಕೊಂಡು ಉಂಡ. ಆಕೆ ನೋಡುತ್ತಾ ನಿಂತಿದ್ದರು. ಆಮೇಲೆ ಒಳಗೆ ಹೋಗಿ ಮಗುವನ್ನು ತಂದು ಅಕ್ಕನ ಮಡಿಲಿಗೆ ಹಾಕಿದರು.

ಅಕ್ಕ ಗುಣವಾಗಲಿಲ್ಲ. ಮಾತ್ರೆಗೆ ಊತ ಇಳಿಯುವುದು, ಮತ್ತೆ ಏರುವುದು, ಮತ್ತೆ ಅದೇ ಬಸ್ಸುಗಳು. ಆಪರೇಷನ್ ಮಾಡಿಸುವ ಮಾತು ನಡೆಯುತ್ತಿದ್ದಾಗಲೇ, ಮಗಳು ಶಾಲೆಗೆ ಸೇರಿದ ವರ್ಷ, ಅಕ್ಕ ಹೋಗಿಬಿಟ್ಟಳು. ಆ ಓಡಾಟದ ದಣಿವು ಇನ್ನೂ ನನ್ನ ಮೈಯಲ್ಲಿದೆ.

ಆ ಮಗಳು ಈಗ ಮಾಕವಳ್ಳಿಯ ಸೊಸೆ. ಫೋನು ಮಾಡಿ ಕಾಲಿನ ಊತದ ಸುದ್ದಿ ಹೇಳಿದೆ, ಅವಳ ತಾಯಿಯ ಸುದ್ದಿಯೂ ಬಂತು. ಹೊಸಿಲಿನಾಚೆ ಅತ್ತ ದಿನಗಳು ಅವಳಿಗೆ ನೆನಪೇ ಇಲ್ಲ.

“ನಂಗೆ ನೆನಪಿರೋದು ಒಂದೇಯ ಮಾವ,” ಅಂದಳು. “ಅವ್ವ ನನ್ನ ಕೆಳಕ್ಕೇ ಇಳಿಸ್ತಿರಲಿಲ್ಲ.”

ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟೆ.