ನೂರಹತ್ತರ ಜೆಟ್

ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವನು ಕಿವಿಯಣ್ಣ. ಗಾಡಿ ಇನ್ನೂ ತಿರುವಿನಲ್ಲಿ ಇರುವಾಗಲೇ, ಶೆಡ್ಡಿನೊಳಗೆ ಅಂಗಾತ ಮಲಗಿ ಇನ್ಯಾರದೋ ಇಂಜಿನ್ನಿನ ಹೊಟ್ಟೆ ಬಗೆಯುತ್ತಿದ್ದವನು, “ಪಿಸ್ಟನ್ ರಿಂಗು ಹೋಗಿದೆ, ಬರ್ಲಿ ಬರ್ಲಿ” ಅನ್ನುತ್ತಿದ್ದ. ಗಾಡಿ ಬಂದು ನಿಲ್ಲುತ್ತಿತ್ತು. ಬಿಚ್ಚಿ ನೋಡಿದರೆ ರಿಂಗು ಹೋಗಿರುತ್ತಿತ್ತು. ಬೇರೆ ಮೆಕ್ಯಾನಿಕ್ಕುಗಳು ಪ್ಲಗ್ ಬಿಚ್ಚಿ ಬಣ್ಣ ನೋಡಿ ಟ್ಯೂನ್ ಮಾಡಿದರೆ ಇವನು ನಗುತ್ತಿದ್ದ. “ಅವರು ನಾಲಗೆ ನೋಡಿ ಜ್ವರ ಹೇಳೋ ಡಾಕ್ಟ್ರು. ನನಗೆ ಉಸಿರು ಕೇಳಿದ್ರೆ ಸಾಕು.”

ಮೂವತ್ತೆರಡು ವರ್ಷ ಹೀಗೇ ನಡೆಯಿತು. ತಗಡಿನ ಶೆಡ್ಡು, ಸೈಲೆನ್ಸರ್ ಬಿಚ್ಚಿಟ್ಟ ಟೂ-ಸ್ಟ್ರೋಕ್ ಇಂಜಿನ್ನು, ಅದರಿಂದ ಒಂದು ಗೇಣು ದೂರದಲ್ಲಿ ಇವನ ತಲೆ. ಆ ಇಂಜಿನ್ನುಗಳೇ ಅವನ ಕಿವಿಯನ್ನು ತಿಂದವು. ಹೋರಾಟಗಳಲ್ಲಿ ಲಾಠಿ ಏಟು ಬಿದ್ದು ಕಿವಿ ಹೋದವರನ್ನು ನಾವು ಸಂಘದವರು ನೋಡಿದ್ದೇವೆ. ಅವರಿಗೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತದೆ, ಸಭೆಯಲ್ಲಿ ಒಂದು ಚಪ್ಪಾಳೆಯಾದರೂ ಬೀಳುತ್ತದೆ. ದಿನಕ್ಕಿಷ್ಟು ಅಂತ ಕೆಲಸಕ್ಕೇ ಕಿವಿ ತೆತ್ತವನಿಗೆ ಅದೂ ಇಲ್ಲ. ಅದು ಯಾವ ದಿನ ಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ.

ಹೆಂಡತಿಗೆ ಗೊತ್ತಿತ್ತು.

“ಮೂರು ಸಲ ಕರೆದೆ. ಕಿವಿಗೇನು ಬೆಣೆ ಹೊಡ್ಕೊಂಡಿದೀರಾ?”

“ಕೇಳಿಸ್ತು. ಉತ್ತರ ಕೊಡೋ ಅಂಥ ಮಾತು ಅನ್ನಿಸ್ಲಿಲ್ಲ.”

“ಆಹಾ! ಒಲೆ ಮೇಲೆ ಪಾತ್ರೆ ಸೀದ ವಾಸನೆಗೆ ಓಡಿ ಬರ್ತೀರಿ, ನಾನು ಕೂಗಿದ್ರೆ ಬರಲ್ಲ. ಬನ್ನಿ, ಡಾಕ್ಟ್ರ ಹತ್ರ ಹೋಗೋಣ.”

ಅವನು ಹೋಗಲಿಲ್ಲ. ಕಿವಿಯಣ್ಣನಿಗೆ ಕಿವಿ ಕೇಳಲ್ಲ ಅಂತ ಸುದ್ದಿಯಾದರೆ ಶೆಡ್ಡಿಗೆ ಯಾರು ಬರುತ್ತಾರೆ? ಜನ ಮಾತಾಡುವಾಗ ತುಟಿ ನೋಡುವುದನ್ನು ಕಲಿತ. ಅರ್ಥವಾಗದಿದ್ದರೆ ನಕ್ಕುಬಿಡುತ್ತಿದ್ದ. ವಯಸ್ಸಾದಂತೆ ಅಣ್ಣ ಒಳ್ಳೆಯವನಾದ ಅಂತ ಜನ ಅಂದುಕೊಂಡರು.

ಇಂಥ ಹೊತ್ತಿನಲ್ಲಿ ಟ್ಯಾಂಕಕ್ಕ ತನ್ನ ಗಾಡಿ ತಂದಳು. ಊರಿಗೆ ನೀರು ಬಿಡುವ ಟ್ಯಾಂಕು ಗುಡ್ಡದ ನೆತ್ತಿಯಲ್ಲಿದೆ. ದಿನಾ ಬೆಳಗ್ಗೆ ಎರಡು ಕ್ಯಾನ್ ಕ್ಲೋರಿನ್ ಹಿಂದೆ ಬಿಗಿದುಕೊಂಡು ಹತ್ತಿ, ನೀರಿಗೆ ಹಾಕಿ, ವಾಲ್ವ್ ತಿರುಗಿಸಿ ಊರಿಗೆ ನೀರು ಬಿಟ್ಟು, ಪೈಪು ನೋಡಿಕೊಂಡು ಇಳಿಯುವುದು ಅವಳ ಕೆಲಸ. ಅದಕ್ಕೆಂದು ನೀರಿನ ಇಲಾಖೆ ಒಂದು ಹಳೆಯ ಎಟಿವಿ ಕೊಟ್ಟಿತ್ತು: ನಾಲ್ಕು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು, ಬೈಕಿಗೂ ಟ್ರ್ಯಾಕ್ಟರಿಗೂ ಹುಟ್ಟಿದ ಹಾಗಿರುವ ಗಾಡಿ. ಹನ್ನೊಂದು ವರ್ಷದಿಂದ ಅವಳದು ಗುತ್ತಿಗೆ ನೌಕರಿ. ಖಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಬರಲೆಂದು ನಮ್ಮ ಕಾರ್ಮಿಕ ಸಂಘದವರು ಎರಡು ಸಲ ಇಲಾಖೆಯ ಬಾಗಿಲಿಗೆ ಅಡ್ಡ ಮಲಗಿದ್ದೆವು. ಆ ವರ್ಷ ಹೆಸರು ಬಂದಿತ್ತು. ಆದೇಶಕ್ಕೆ ಸಹಿಯೊಂದೇ ಬಾಕಿ.

“ಅಣ್ಣಾ, ಸ್ಟಾರ್ಟ್ ಮಾಡಿದ ಕೂಡ್ಲೇ ತಾನೇ ಚೀರುತ್ತೆ. ಆಕ್ಸಿಲೇಟರ್ ಮುಟ್ಟೋದೇ ಬೇಡ. ದೆವ್ವ ಹಿಡಿದಿದೆ.”

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರ್ ಸವೆದು ಜೊಳ್ಳಾಗಿತ್ತು. ಗಾಡಿ ಮಾಡಿದ ಕಂಪನಿಯೇ ಆ ಮಾದರಿಯನ್ನು ಮರೆತಿತ್ತು, ಅಸಲಿ ಭಾಗ ಸಿಗುವ ಹಾಗಿರಲಿಲ್ಲ. ಇಬ್ಬರೂ ಬಿಡಿಭಾಗಗಳ ಅಂಗಡಿಗೆ ಹೋದರು. ಅಂಗಡಿಯವನು ಬೇರೆ ಕಂಪನಿಯ ಎರಡು ಡಬ್ಬಿ ಮುಂದಿಟ್ಟ.

“ಈ ಮೂವತ್ತರದ್ದು ಹಾಕಣ್ಣ. ಗಾಡಿ ಹಾರುತ್ತೆ.”

“ಇವಳು ಹಾರೋಕೆ ಹೋಗ್ತಿಲ್ಲ ಕಣೋ, ನೀರಿಗೆ ಔಷಧಿ ಹಾಕೋಕೆ ಹೋಗ್ತಿದಾಳೆ. ಬಾಯಿ ದೊಡ್ಡದಾದ್ರೆ ಏರಲ್ಲಿ ನಿಧಾನಕ್ಕೆ ಹತ್ತೋವಾಗ ಉಸಿರು ಕಟ್ಟುತ್ತೆ. ಹಳೇದು ಎಷ್ಟಿತ್ತೋ ಅಷ್ಟೇ, ಇಪ್ಪತ್ತಾರು ಕೊಡು.”

ಇಪ್ಪತ್ತಾರು ಮಿಲಿಮೀಟರಿನದನ್ನು ಬೆಳಕಿಗೆ ಹಿಡಿದು ನೋಡಿದ. ಒಳಗೆ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ಸ್ಲೈಡನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿದ. ಪೆಟ್ರೋಲ್ ಬರುವ ತೂತಿಗೆ ಬಾಯಿಟ್ಟು ಊದಿ, ಗಾಳಿ ಸೋರುತ್ತದೆಯೋ ನೋಡಿದ. ಆಯ್ಕೆಯಲ್ಲಿ ತಪ್ಪಲಿಲ್ಲ. ಕಿವಿಯಣ್ಣನ ಕಣ್ಣಿಗೂ ಬೆರಳಿಗೂ ಇವತ್ತಿಗೂ ಏನೂ ಆಗಿಲ್ಲ.

ತಪ್ಪಿದ್ದು ಟ್ಯೂನಿಂಗಿನಲ್ಲಿ. ಕಾರ್ಬ್ಯುರೇಟರಿನ ತಳದಲ್ಲಿ ಜೆಟ್ ಅಂತ ಒಂದು ಹಿತ್ತಾಳೆಯ ತುಣುಕು, ನಡುವೆ ಕೂದಲೆಳೆಯಂಥ ತೂತು. ಅದರ ನಂಬರ್ ದೊಡ್ಡದಾದಷ್ಟೂ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲಿನ ಜತೆಗೇ ಎಣ್ಣೆ ಬೆರೆತು ಹೋಗುತ್ತದೆ. ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಬಿಸಿಯೂ ಜಾಸ್ತಿ. ಅದಕ್ಕೇ ದೊಡ್ಡ ನಂಬರಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯಬೇಕು. ಪೆಟ್ರೋಲ್ ಹೆಚ್ಚಿದ್ದಾಗ ಇಂಜಿನ್ನಿನ ದನಿ ನೆಗಡಿಯಾದವನ ಹಾಗೆ ಮಂಕಾಗಿರುತ್ತದೆ. ಸರಿಯಾದ ಜೆಟ್ ಬಿದ್ದಾಗ ದನಿ ಬಿಚ್ಚುತ್ತದೆ. ಅಲ್ಲಿ ನಿಲ್ಲಬೇಕು.

ಡಬ್ಬಿಯಲ್ಲಿ ನೂರಮೂವತ್ತರ ಜೆಟ್ ಇತ್ತು. ಓಡಿಸಿ ನೋಡಿದ, ಮಂಕು. ನೂರಿಪ್ಪತ್ತೈದು ಹಾಕಿದ, ಮಂಕು. ನೂರಿಪ್ಪತ್ತು ಹಾಕಿದಾಗ ಬೀದಿಯಲ್ಲಿ ನಿಂತವರಿಗೆಲ್ಲ ದನಿ ಬಿಚ್ಚಿದ್ದು ಕೇಳಿಸಿತು. ಅವನಿಗೆ ಇನ್ನೂ ಮಂಕು. ಕಿವಿಯಲ್ಲಿ ಎತ್ತರದ ಸ್ವರಗಳೆಲ್ಲ ಸತ್ತಿದ್ದವನಿಗೆ ಜಗತ್ತಿನ ಯಾವ ಇಂಜಿನ್ನೂ ಇನ್ನು ಬಿಚ್ಚಿ ಮಾತಾಡುವ ಹಾಗಿರಲಿಲ್ಲ. ನೂರಹದಿನೈದು ಹಾಕಿದ. ಆಮೇಲೆ ನೂರಹತ್ತು. ಅಷ್ಟು ಹೊತ್ತಿಗೆ ಇಂಜಿನ್ನಿನ ನಡುಕ ಅಂಗೈಗೆ ಸಣ್ಣದಾಗಿ ಸಿಕ್ಕಿತು. ಸಾಕೆಂದ.

ಟ್ಯಾಂಕಕ್ಕ ಒಂದು ಸುತ್ತು ಹೋಗಿ ಬಂದಳು.

“ಓಟ ಚೆನ್ನಾಗಿದೆ ಅಣ್ಣಾ. ಆದ್ರೆ ಜೋರು ಕೊಟ್ರೆ ಒಳಗಡೆ ಟಿಣ್ ಟಿಣ್ ಅಂತಿದೆಯಲ್ಲ?”

ಅವನು ತಗ್ಗಿ, ಕಣ್ಣು ಮುಚ್ಚಿ, ಹಳೆಯ ಗತ್ತಿನಲ್ಲೇ ಕಿವಿ ಕೊಟ್ಟ. ಏನೂ ಇರಲಿಲ್ಲ.

“ಅದು ಚೈನ್ ಕವರ್ ಅಲ್ಲಾಡೋ ಸದ್ದು. ಗಾಡಿ ಓಡ್ಸೋಳು ನೀನು, ಕೇಳೋನು ನಾನು. ನಡಿ ನಡಿ.”

“ನೀವು ಹೇಳಿದ್ಮೇಲೆ ಮುಗೀತು ಬಿಡಿ” ಅಂದು ಅವಳು ಹೋದಳು.

ಮೂರನೆಯ ಬೆಳಗ್ಗೆ ಕೊನೆಯ ಕಡಿದಾದ ಏರಿನಲ್ಲಿ, ಪೂರ್ತಿ ಆಕ್ಸಿಲೇಟರ್ ಕೊಟ್ಟಾಗ, ಒಳಗಿನ ಪಿಸ್ಟನ್ ಬಿಸಿಗೆ ಹಿಗ್ಗಿ ಇಂಜಿನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರ ತಿರುಗದೆ ನಿಂತವು, ಗಾಡಿ ಅಡ್ಡ ಹೊರಳಿ ಇಳಿಜಾರಿಗೆ ಮಗುಚಿತು. ಟ್ಯಾಂಕಕ್ಕನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ನೀರು ಬರಲಿಲ್ಲವೆಂದು ಜನ ಬೈಯಲು ಶುರುಮಾಡಿದ ಮೇಲೆಯೇ ಅವಳನ್ನು ಹುಡುಕಿ ಹೋದದ್ದು. ಎರಡು ತಾಸು ಗಾಡಿಯ ಕೆಳಗಿದ್ದಳು.

ಇಲಾಖೆಗೆ ಇದು ಹಬ್ಬವಾಯಿತು. ‘ಪೆಟ್ರೋಲಿಗೆ ಎಣ್ಣೆ ಬೆರೆಸದೆ ಓಡಿಸಿ ಸರ್ಕಾರಿ ವಾಹನ ಹಾಳುಮಾಡಿದ್ದಾಳೆ, ಪಟ್ಟಿಯಿಂದ ಹೆಸರು ಏಕೆ ತೆಗೆಯಬಾರದು?’ ಎಂದು ಆಸ್ಪತ್ರೆಯ ಮಂಚಕ್ಕೇ ನೋಟೀಸು ಬಂತು. ಕಚ್ಚಿಕೊಂಡ ಇಂಜಿನ್ನನ್ನು ಕಿವಿಯಣ್ಣನ ಶೆಡ್ಡಿಗೇ ಕಳಿಸಿದರು, ಜತೆಗೊಂದು ಫಾರಂ. ತಂದ ಜವಾನ ಸಾಹೇಬರ ಮಾತನ್ನೂ ಒಪ್ಪಿಸಿದ. “ಎಣ್ಣೆ ಇರ್ಲಿಲ್ಲ ಅಂತ ಒಂದು ಸಾಲು ಬರೆದು ಸಹಿ ಹಾಕ್ಬೇಕಂತೆ. ಇಲಾಖೆ ಗಾಡಿಗಳೆಲ್ಲ ಇನ್ಮೇಲೂ ನಿಮಗೇ ಅಂತೆ.”

ಅವನು ಇಂಜಿನ್ನು ಬಿಚ್ಚಿದ. ಪೆಟ್ರೋಲ್ ಸಾಲದೆ ಬೆಂದ ಪ್ಲಗ್ಗು ಸುಣ್ಣದ ಹಾಗೆ ಬೆಳ್ಳಗಿತ್ತು. ಪಿಸ್ಟನ್ನಿನ ತಲೆಯಲ್ಲಿ ಹುಳ ಕೊರೆದಂತೆ ಗುಳಿಗಳು. ಅವುಗಳ ಮೇಲೆ ಬೆರಳಾಡಿಸಿದ. ಆಮೇಲೆ ಶೆಡ್ಡಿನಲ್ಲಿದ್ದ ಇನ್ನೊಂದು ಹಳೆಯ ಟೂ-ಸ್ಟ್ರೋಕ್ ಬೈಕಿಗೆ ಬೇಕೆಂದೇ ಸಣ್ಣ ಜೆಟ್ ಹಾಕಿ, ಸ್ಟಾಂಡಿನಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಬ್ರೇಕ್ ತುಳಿದುಕೊಂಡೇ ಆಕ್ಸಿಲೇಟರ್ ತಿರುವಿದ. ಹೆಂಡತಿಯನ್ನು ಕರೆದ.

“ಹೇಗೆ ಕೇಳ್ತಿದೆ ಹೇಳು.”

“ಡಬ್ಬದಲ್ಲಿ ಮೊಳೆ ಹಾಕಿ ಕುಲುಕಿದ ಹಾಗಿದೆ. ನಿಲ್ಸಿ, ತಲೆ ಸಿಡೀತಿದೆ. ನಿಮಗೆ ಕೇಳ್ತಿಲ್ವಾ?”

ಅವನು ಗಾಡಿ ಆರಿಸಿದ. ಇಲ್ಲ ಎಂದು ತಲೆಯಾಡಿಸಿದ.

ಹೆಂಡತಿ ಫಾರಂ ನೋಡಿದಳು, ಪಿಸ್ಟನ್ ನೋಡಿದಳು. “ನಿಜ ಹೇಳಿಬಿಟ್ರೆ ಈ ಶೆಡ್ಡಿಗೆ ನಾಯಿನೂ ಬರಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು.”

“ಮಗಳ ಓದು ಇನ್ನೂ ಎರಡು ವರ್ಷ ಇದೆ.”

“ಅದೂ ಗೊತ್ತು.”

ಹೇಳು ಅಂತಲೂ ಅವಳು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಈ ಭಾಗವನ್ನು ಯಾರಾದರೂ ಭಾಷಣದಲ್ಲಿ ಹೇಳಿದರೆ ಹೆಂಡತಿಯ ಬಾಯಲ್ಲಿ ಒಂದು ವೀರವಾಕ್ಯ ತುರುಕುತ್ತಾರೆ. ಅವಳು ಒಳಗೆ ಹೋಗಿ ಬಟ್ಟೆ ಒಗೆದಳು.

ವಿಚಾರಣೆಯ ದಿನ ಇಲಾಖೆಯ ಉದ್ದ ಕೋಣೆಯಲ್ಲಿ ಟ್ಯಾಂಕಕ್ಕನನ್ನು ಗಾಲಿಕುರ್ಚಿಯಲ್ಲಿ ತಂದು ಕೂರಿಸಿದ್ದರು. ಎಣ್ಣೆ ಅಳೆದು ಹಾಕಿದ್ದೆ, ಟಿಣ್ ಟಿಣ್ ಸದ್ದು ಬರುತ್ತಿದೆ ಅಂತ ಅಣ್ಣನಿಗೆ ಹೇಳಿದ್ದೆ ಎಂದಳು. ಯಾರೂ ಬರೆದುಕೊಳ್ಳಲಿಲ್ಲ. ವಿಚಾರಣೆ ನಡೆಸುತ್ತಿದ್ದ ಇಂಜಿನಿಯರು ಫೈಲಿನಿಂದ ತಲೆ ಎತ್ತದೆ ಕಿವಿಯಣ್ಣನಿಗೆ ಏನೋ ಕೇಳಿದ. ತುಟಿ ಕಾಣುತ್ತಿರಲಿಲ್ಲ. ನಕ್ಕುಬಿಡುವ ಹಳೆಯ ಉಪಾಯ ಅವನ ಮುಖದವರೆಗೆ ಬಂದು ನಿಂತದ್ದನ್ನು ನಾವೆಲ್ಲ ನೋಡಿದೆವು.

“ಜೋರಾಗಿ ಕೇಳಿ ಸಾರ್” ಅಂದ. “ನನಗೆ ಕಿವಿ ಕೇಳಲ್ಲ.”

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು, ಕಿವಿಯಣ್ಣ ತಮಾಷೆ ಮಾಡುತ್ತಿದ್ದಾನೆಂದು.

“ಎಣ್ಣೆ ಇತ್ತೋ ಇಲ್ವೋ, ಅಷ್ಟೇ ಹೇಳಿ!” ಇಂಜಿನಿಯರು ಕೂಗಿದ.

ಅವನು ಚೀಲದಿಂದ ಪಿಸ್ಟನ್, ಪ್ಲಗ್ಗು, ಜೆಟ್ಟು ತೆಗೆದು ಮೇಜಿನ ಮೇಲಿಟ್ಟ. “ಎಣ್ಣೆ ಇತ್ತು. ಅದಿಲ್ದೆ ಇಂಜಿನ್ ಸತ್ತಿದ್ರೆ ಪಿಸ್ಟನ್ ಸುತ್ತಾ ಒಂದೇ ಸಮ ಗೀಚಿರೋದು. ಇದರ ತಲೆ ಬೆಂದಿದೆ ನೋಡಿ. ನೂರಿಪ್ಪತ್ತರ ಜೆಟ್ ಹಾಕ್ಬೇಕಿತ್ತು, ನಾನು ನೂರಹತ್ತು ಹಾಕಿದೆ. ಇವಳಿಗೆ ಕೇಳಿಸ್ತು, ಹೇಳಿದ್ಲು. ಕಿವುಡ ನಾನು, ಬೈದು ಕಳಿಸಿದೆ.”

“ಹಾಗಾದ್ರೆ ನಿಮ್ಮ ಮೇಲೆ ಯಾಕೆ ಕೇಸ್ ಹಾಕ್ಬಾರ್ದು?”

“ಹಾಕಿ.”

ಬರೆದುಕೊಳ್ಳುವವನು ಆಗ ಪೆನ್ನು ಎತ್ತಿಕೊಂಡ.

ಟ್ಯಾಂಕಕ್ಕ ಖಾಯಂ ಆದಳು. ಕಾಲು ಒಂದಿಂಚು ಗಿಡ್ಡವಾಗಿ ಕೂಡಿತು. ಗುಡ್ಡ ಹತ್ತುವ ಕೆಲಸ ಹೋಗಿ, ಕಿಟಕಿಯಿಲ್ಲದ ಕೋಣೆಯಲ್ಲಿ ಪತ್ರಗಳಿಗೆ ಮುದ್ರೆ ಒತ್ತುವ ಕೆಲಸ ಸಿಕ್ಕಿತು. ಗುಡ್ಡದ ಗಾಳಿಯೇ ನನ್ನ ಸಂಬಳ ಅನ್ನುತ್ತಿದ್ದವಳು ಅವಳು. ಕಿವಿಯಣ್ಣ ಒಂದು ಸಂಜೆ ಅವಳ ಮನೆಗೆ ಹೋದ. ಅವಳು ಕುರ್ಚಿ ತೋರಿಸಿದಳು, ಅವನು ನೋಡಲೆಂದು ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು.

“ಅಣ್ಣಾ, ನೀವು ನಿಜ ಹೇಳಿದ್ರಿ, ನನ್ನ ನೌಕರಿ ಉಳೀತು. ಅದನ್ನ ನಾನು ಮರೆಯಲ್ಲ. ಆದ್ರೆ ಆ ದಿನವೇ ಒಂದು ಮಾತು, ನನಗೆ ಕೇಳ್ತಿಲ್ಲ ಕಣಮ್ಮ ಅಂದಿದ್ರೆ ನಾನು ಗುಡ್ಡಕ್ಕೆ ಹೋಗ್ತಿರ್ಲಿಲ್ಲ. ಇದನ್ನೂ ಮರೆಯಲ್ಲ. ಇನ್ನು ಬರ್ಬೇಡಿ.”

ಅವನು ಎದ್ದು ಬಂದ. ಸಂಘದವರು ಅವನಿಗೆ ಹಾರ ಹಾಕಬೇಕೆಂದು ಮಾತಾಡಿದ್ದೆವು. ಹೇಳಲು ಹೋದವರನ್ನು ಅವನು ಬಾಗಿಲಲ್ಲೇ ನಿಲ್ಲಿಸಿ, “ಹೂವಿನ ಬದಲು ಗಾಡಿ ತನ್ನಿ” ಅಂದ. ಯಾರೂ ತರಲಿಲ್ಲ. ನಾನೂ ನನ್ನ ಗಾಡಿಯನ್ನು ಬಸ್ ನಿಲ್ದಾಣದ ಹತ್ತಿರದ ಹೊಸ ಗ್ಯಾರೇಜಿಗೇ ಒಯ್ಯುತ್ತೇನೆ.

ಈಗ ಅದೇ ಶೆಡ್ಡಿನಲ್ಲಿ ಅವನು ಪಂಕ್ಚರ್ ಹಾಕುತ್ತಾನೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಇಂಚಿಂಚೇ ತಿರುಗಿಸಿ, ಗುಳ್ಳೆ ಏಳುವ ಜಾಗ ಹುಡುಕುತ್ತಾನೆ. ಅದಕ್ಕೆ ಕಣ್ಣು ಸಾಕು. ಬೀದಿಯವರು ಇವತ್ತಿಗೂ ಅವನನ್ನು ಕಿವಿಯಣ್ಣ ಅಂತಲೇ ಕರೆಯುತ್ತಾರೆ. ಎರಡು ಸಲ, ಮೂರು ಸಲ ಕರೆಯುತ್ತಾರೆ. ಆಮೇಲೆ ಹತ್ತಿರ ಹೋಗಿ ಭುಜ ಮುಟ್ಟುತ್ತಾರೆ.