ಒಂದು ಮೈಲಿಯ ಕಾಗೆ

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಒಂದು ಕಾಗೆ ಬಂದು ಕೂತಿತು. ನೀರುದೋಸೆಯ ತುಂಡು ಹಾಕಿದೆ. ತಿನ್ನದೆ ಕತ್ತು ಓರೆ ಮಾಡಿ ನನ್ನನ್ನೇ ನೋಡಿತು. ಕಾಗೆ ಹಾಗೆ ನೋಡಿದರೆ ಬೇರೆಯವರಿಗೆ ತೀರಿಹೋದ ಹಿರಿಯರು ನೆನಪಾಗುತ್ತಾರಂತೆ. ನನಗೆ ನೆನಪಾದದ್ದು ಒಂದು ನಿಯಮ. ನಾನು ಎಂಥ ಮನುಷ್ಯ ಎಂಬುದು ಇಷ್ಟರಿಂದಲೇ ನಿಮಗೆ ಗೊತ್ತಾಗಿರಬಹುದು.

ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಬಹಳ ವರ್ಷಗಳ ಹಿಂದೆ ನನ್ನ ಪಕ್ಕದ ಮೇಜು ಸುಂದರನದು. ಅವನು ಉಪ್ಪಳದಲ್ಲಿ ತನ್ನ ಅಕ್ಕ ಲೀಲಕ್ಕನ ಮನೆಯಲ್ಲಿದ್ದ. ಶಾರ್ಜಾದಿಂದ ರಜೆಗೆ ಬಂದ ಗೆಳೆಯನೊಬ್ಬ ಅವನಿಗೆ ಒಂದು ಆಟದ ಪೆಟ್ಟಿಗೆ ಕೊಟ್ಟು ಹೋಗಿದ್ದ. ಒಳಗೆ ದಪ್ಪನೆಯ ನಿಯಮದ ಪುಸ್ತಕ, ಇಪ್ಪತ್ತು ಮುಖದ ದಾಳ. ಮೇಜಿನ ಸುತ್ತ ಕೂತು ಆಡುವ ಮಾಯಾಲೋಕದ ಆಟ ಅದು. ಒಬ್ಬ ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಬೇಕು, ಏನಾಗುತ್ತದೆ ಎನ್ನುವುದನ್ನು ದಾಳ ಹೇಳಬೇಕು. ಕಥೆ ನಡೆಸುವ ಕೆಲಸ ನನ್ನ ತಲೆಗೆ ಬಂತು. ನನಗೆ ಕಲ್ಪನಾಶಕ್ತಿ ಉಂಟೆಂದು ಯಾರೂ ತಪ್ಪು ತಿಳಿದಿರಲಿಲ್ಲ. ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದವನು ನಾನೊಬ್ಬನೇ ಇದ್ದೆ.

ಭಾನುವಾರ ಮಧ್ಯಾಹ್ನ, ದುಬೈಯಲ್ಲಿದ್ದ ಸುಂದರನ ಭಾವ ಕಟ್ಟಿಸಿದ, ಯಾರೂ ಮಲಗದ ಮಹಡಿಯ ಕೋಣೆಯಲ್ಲಿ ನಮ್ಮ ಆಟ. ಸುಂದರ ಮಂತ್ರವಾದಿ. ಲೀಲಕ್ಕನ ಮಗಳು ವನಜ ಬಿಲ್ಲುಗಾರ್ತಿ. ಆಗ ಡಿಗ್ರಿ ಓದುತ್ತಿದ್ದಳು. ಮತ್ತಿಬ್ಬರು ನೆರೆಮನೆಯವರು, ಗೋಳಿಬಜೆಯ ವಾಸನೆಗೆ ಮಾತ್ರ ಎಚ್ಚರವಾಗುವವರು.

ಮಂತ್ರವಾದಿಗೆ ಒಂದು ಫ್ಯಾಮಿಲಿಯರ್ ಇರುತ್ತದೆ. ಎಂದರೆ ಅವನ ಜೀವಕ್ಕೆ ಗಂಟು ಬಿದ್ದ ಒಂದು ಪ್ರಾಣಿ. ಅದು ಅವನೊಂದಿಗೆ ಮಾತಾಡುತ್ತದೆ, ಅವನ ಮನಸ್ಸು ಅದಕ್ಕೆ ತಿಳಿಯುತ್ತದೆ. ಸುಂದರ ಆರಿಸಿಕೊಂಡದ್ದು ಕಾಗೆ. ಅದಕ್ಕೆ ದನಿ ಕೊಡಬೇಕಾದವನು ನಾನು. ಗಂಟಲನ್ನು ಒರಟು ಮಾಡಿಕೊಂಡು ವನಜಳ ಗುರಿಯನ್ನು ಹಂಗಿಸುತ್ತಿದ್ದೆ: "ಈ ಹುಡುಗಿಯ ಬಾಣಕ್ಕೆ ತೆಂಗಿನಮರ ಮಾತ್ರ ಹೆದರುವುದು." ಕಾಗೆಯ ಮಾತು ಕೇಳಿಸುವುದು ಮಂತ್ರವಾದಿಗೆ ಮಾತ್ರ. ಸುಂದರ ಅದನ್ನು ಗಂಭೀರವಾಗಿ ಸೋದರಸೊಸೆಗೆ ದಾಟಿಸುವನು, ಅವಳು ಮೊದಲ ಸಲ ಕೇಳಿದವಳಂತೆ ನಗುವಳು. ಕಚೇರಿಯಲ್ಲಿ ನನ್ನ ಮಾತಿಗೆ ಯಾರೂ ನಗುತ್ತಿರಲಿಲ್ಲ, ಆ ಮಾತು ಬೇರೆ.

ಸುಂದರನಿಗೆ ದೋಹಾದ ವೀಸಾ ಬಂತು. ನಮ್ಮ ಕಚೇರಿಗಳಲ್ಲಿ ಇದು ಹೊಸತಲ್ಲ. ಸಂಬಳವಿಲ್ಲದ ದೀರ್ಘ ರಜೆ ಹಾಕಿ ಹೋಗುತ್ತಾರೆ. ಕುರ್ಚಿ ಖಾಲಿಯಿದ್ದರೂ ಹುದ್ದೆ ಅವರದೇ. ಕೊನೆಯ ಭಾನುವಾರ ಅವನಿಗೊಂದು ಆಸೆ: ಮಂತ್ರವಾದಿ ಯುದ್ಧದಲ್ಲಿ ಸಾಯಬೇಕು, ಕಾಗೆ ವನಜಳಿಗೆ ಸಿಗಬೇಕು. ಯಜಮಾನ ಸತ್ತರೆ ಅದು ಬರೀ ಕಾಗೆ ಎಂದೆ ನಾನು.

"ನಮ್ಮ ಕಟ್ಟಿನಲ್ಲಿ ಮಾಮನದ್ದು ಅಕ್ಕನ ಮಕ್ಕಳಿಗೇ ಅಲ್ವಾ ಮಾರಾಯ," ಎಂದ ಸುಂದರ. "ಕಾಗೆಗೆ ಬೇರೆ ಕಾನೂನು ಉಂಟಾ?"

ಪುಸ್ತಕ ಬರೆದವರಿಗೆ ಅಳಿಯಸಂತಾನ ಗೊತ್ತಿದ್ದಿರಲಾರದು ಎಂದು ನಾನು ವಾದ ಹೂಡುವಷ್ಟರಲ್ಲಿ ಚಾ ತಂದ ಲೀಲಕ್ಕನ ಕಿವಿಗೆ ಇದು ಬಿತ್ತು. ಅವರು ತಟ್ಟೆಯನ್ನು ದಾಳದ ಮೇಲೆಯೇ ಇಟ್ಟರು. "ವಿಮಾನ ಹತ್ತುವವ ಸಾಯುವುದಂತೆ, ಮಗಳಿಗೆ ಕಾಗೆಯಂತೆ. ಎಂತ ಮಾತು ಇದು? ಯಾರೂ ಸಾಯುವುದು ಬೇಡ."

ಹೀಗೆ ಮಂತ್ರವಾದಿ ಬದುಕಿಕೊಂಡ, ದೂರದೇಶಕ್ಕೆ ಹೊರಟ. ಕಾಗೆ ಮಾತ್ರ ವನಜಳ ಹೆಗಲಿಗೆ ಬಂತು. ನಿಯಮದ ಪ್ರಕಾರ ಫ್ಯಾಮಿಲಿಯರ್‌ಗೆ ಯಜಮಾನನ ಮನಸ್ಸು ತಿಳಿಯುವುದು ಒಂದು ಮೈಲಿಯೊಳಗೆ. ಅದರಾಚೆ ನಂಟು ಕಡಿಯುತ್ತದೆಯೇ, ಸುಮ್ಮನಿರುತ್ತದೆಯೇ ಎಂದು ಪುಸ್ತಕ ಹೇಳುವುದಿಲ್ಲ. ನನಗೆ ಸುಂದರನ ಖಾಲಿ ಕುರ್ಚಿ ಹೊಳೆಯಿತು. ಕಾಗೆ ರಜೆಯಲ್ಲಿದೆ, ಆದರೆ ಸುಂದರನದೇ ಎಂದು ತೀರ್ಪು ಕೊಟ್ಟೆ. ಅವನು ಬರುವವರೆಗೆ ಅದು ಮಾತಾಡದು. ವನಜಳಿಗೆ ತನ್ನದಾಗಿಯೇ ಬೇಕಿದ್ದರೆ ದಾರಿಯಿತ್ತು. ಪಾತ್ರವೊಂದು ಅಪರೂಪಕ್ಕೆ ಗಳಿಸುವ ವಿಶೇಷ ವಿದ್ಯೆಗೆ ಫೀಟ್ ಎನ್ನುತ್ತಾರೆ; ಅಂಥ ಒಂದನ್ನು ಖರ್ಚು ಮಾಡಿದರೆ ಕಾಗೆ ಅವಳೊಂದಿಗೆ ಮಾತಾಡುತ್ತದೆ, ಮಾಮನ ನಂಟು ಅಲ್ಲಿಗೆ ಮುಗಿಯುತ್ತದೆ.

"ಬೇಡ. ಮಾಮ ಬರಲಿ," ಎಂದಳು.

ವಾಟ್ಸಾಪ್ ಬರುವ ಮೊದಲಿನ ಕಾಲ ಅದು. ಫೋನ್ ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ ಬಂತು. ವನಜ ಮೀಂಜದ ಕಡೆ ಶಾಲೆಯೊಂದರಲ್ಲಿ ಟೀಚರಾದಳು, ಮದುವೆಯಾದಳು, ಆದರೂ ಭಾನುವಾರ ತಪ್ಪಿಸಲಿಲ್ಲ. ಹೊಸ ಫೀಟ್ ಸಿಕ್ಕಾಗಲೆಲ್ಲ ನಾನು ಕಾಗೆಯನ್ನು ನೆನಪಿಸುವೆ. ಅವಳು ಅದೇ ಉತ್ತರ ಕೊಡುವಳು. ಮೂಕ ಕಾಗೆಯನ್ನು ಹೊತ್ತು ಎಷ್ಟು ಗುಹೆ, ಎಷ್ಟು ಕೋಟೆ ದಾಟಿದಳೋ. ಪ್ರತಿ ಊಟದಲ್ಲೂ ಕಾಗೆಯ ಪಾಲು ತೆಗೆದಿಟ್ಟೆ ಎಂದು ಹೇಳಲು ಮರೆಯುತ್ತಿರಲಿಲ್ಲ. ಆಟದಲ್ಲಿ ಅದರ ಅಗತ್ಯವೇ ಇರಲಿಲ್ಲ.

ಕಳೆದ ವಾರ ಸುಂದರ ಊರಿಗೆ ಬಂದ, ಇನ್ನು ಹೋಗುವುದಿಲ್ಲವಂತೆ. ನಿನ್ನೆ ಭಾನುವಾರ ಮೇಜಿಗೆ ಬಂದು ಕೂತ. ತಲೆ ಬೆಳ್ಳಗಾಗಿತ್ತು. ನಾನು ಕಥೆಯಲ್ಲಿ ಮಂತ್ರವಾದಿಯನ್ನು ಊರಿಗೆ ಕರೆತಂದೆ, ಮೈಲಿಗಲ್ಲು ದಾಟಿಸಿದೆ. ಕಾಗೆ ರೆಕ್ಕೆ ಬಡಿಯಿತು ಎಂದೆ. ವನಜ ಮಾಮನನ್ನೇ ನೋಡುತ್ತಿದ್ದಳು.

"ಯಾವ ಕಾಗೆ?" ಎಂದ ಸುಂದರ.

ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಅವನ ಮೇಲೆ ಕೋಪ ಮಾತ್ರ ಬರಲಿಲ್ಲ. ದೋಹಾದ ಗೋದಾಮುಗಳಲ್ಲಿ ಅಷ್ಟು ವರ್ಷ ನಿಂತವನ ತಲೆಯಲ್ಲಿ ನಮ್ಮ ಕಾಗೆಗೆ ಜಾಗ ಎಲ್ಲಿಂದ ಬರಬೇಕು? ಯಜಮಾನನ ಮನಸ್ಸು ಕಾಗೆಗೆ ತಿಳಿಯುತ್ತದೆ ಎಂದಷ್ಟೇ ನಿಯಮ ಹೇಳುತ್ತದೆ. ಯಜಮಾನ ನೆನಪಿಟ್ಟುಕೊಳ್ಳಬೇಕು ಎಂದು ಎಲ್ಲೂ ಇಲ್ಲ.

ವನಜ ದಾಳವನ್ನು ತನ್ನ ಕಡೆ ಎಳೆದುಕೊಂಡಳು. "ಅಂಕಲ್, ನನ್ನದೊಂದು ಫೀಟ್ ಬಾಕಿ ಉಂಟಲ್ಲ. ಕಾಗೆ ನನಗಿರಲಿ."

ಹೊಸ ನಂಟಾದ ಮೇಲೆ ಕಾಗೆಗೆ ಹಳೆಯದು ನೆನಪಿರುತ್ತದೆಯೇ? ನಾನು ಪುಸ್ತಕ ತೆರೆಯಲಿಲ್ಲ. ಗಂಟಲು ಒರಟು ಮಾಡಿಕೊಂಡೆ. "ಈ ಹುಡುಗಿಯ ಬಾಣಕ್ಕೆ ತೆಂಗಿನಮರ ಮಾತ್ರ ಹೆದರುವುದು."

ಎಲ್ಲರೂ ನಕ್ಕರು. ಸುಂದರ ಎಲ್ಲರಿಗಿಂತ ಜೋರಾಗಿ ನಕ್ಕ, ಹೊಸ ಮಾತು ಕೇಳಿದವನಂತೆ. ವನಜ ಈ ಸಲ ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನು ಮಾತಾಡು," ಎಂದಳು, ನನಗಲ್ಲ, ತನ್ನ ಹೆಗಲಿಗೆ. ಸಂಜೆಯವರೆಗೂ ಕಾಗೆ ಮಾತಾಡಿತು.

ಅದಕ್ಕೇ ಇವತ್ತು ನನ್ನ ಗಂಟಲು ಕಟ್ಟಿದೆ. ಕಿಟಕಿಯ ಕಾಗೆ ಇನ್ನೂ ನೋಡುತ್ತಲೇ ಇತ್ತು. ತಿನ್ನು ಎಂದೆ, ಅದೇ ಒರಟು ದನಿಯಲ್ಲಿ. ಅದು ದೋಸೆಯನ್ನು ಕಚ್ಚಿಕೊಂಡು ಹಾರಿತು, ಉಪ್ಪಳದ ಕಡೆಗೆ.